ಸವಕಳಿಯ ಲೆಕ್ಕಕ್ಕೆ ಸಿಗದ ಕುರ್ಚಿ

‘ಕುರ್ಚಿ’ ಕನ್ನಡದ ಮೂಲ ಪದವಲ್ಲ. ಅರಬ್ಬಿಯ ‘ಕುರ್ಸಿ’ ಪರ್ಷಿಯನ್, ಉರ್ದು ಭಾಷೆಗಳನ್ನು ದಾಟಿ ನಮ್ಮಲ್ಲಿಗೆ ಬಂದು ಕುರ್ಚಿಯಾಯಿತು. ಅದಕ್ಕೂ ಮೊದಲು ಅರಸರಿಗೆ ಸಿಂಹಾಸನವಿತ್ತು; ಉಳಿದವರಿಗೆ ಮಣೆ, ಚಾಪೆ ಮತ್ತು ಜಗುಲಿ ಇದ್ದವು. ಜನಸಾಮಾನ್ಯರು ಕುರ್ಚಿಯನ್ನು ಮೊದಲು ಕಂಡದ್ದು ಬಹುಮಟ್ಟಿಗೆ ಕಚೇರಿಗಳಲ್ಲಿ, ಅದರ ಮೇಲೆ ಕುಳಿತವರ ಎದುರು ಕೈಕಟ್ಟಿ ನಿಂತಾಗ. ಆದ್ದರಿಂದಲೇ ಇರಬೇಕು, ಇಂದಿಗೂ ನಮ್ಮ ಮಾತಿನಲ್ಲಿ ಕುರ್ಚಿ ಎಂದರೆ ಅಧಿಕಾರ. ಆದರೆ ಅಧಿಕಾರ ಚಲಾಯಿಸಲು ಎಷ್ಟು ಮಾತ್ರಕ್ಕೂ ಅನುಕೂಲವಲ್ಲದ ಒಂದು ಕುರ್ಚಿಯೂ ನಮ್ಮ ನಡುವೆ ಇತ್ತು. ಅದು ಆರಾಮ ಕುರ್ಚಿ.

ಮಲೆನಾಡಿನ ಹಳೆಯ ಮನೆಗಳಲ್ಲಿ, ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ, ಪ್ರವಾಸಿ ಮಂದಿರಗಳ ಪಡಸಾಲೆಗಳಲ್ಲಿ ಅದನ್ನು ನೋಡದವರು ಕಡಿಮೆ. ಹಿಂದಕ್ಕೆ ವಾಲಿದ ಬೆನ್ನು, ನಡುವೆ ಇಳಿಬಿದ್ದ ಬೆತ್ತದ ಹೆಣಿಗೆ, ಅಗಲವಾದ ಉದ್ದನೆಯ ತೋಳುಗಳು. ಎಷ್ಟೋ ಕುರ್ಚಿಗಳಲ್ಲಿ ತೋಳಿನ ಅಡಿಯಿಂದ ಇನ್ನೊಂದು ಹಲಗೆ ಹೊರಕ್ಕೆ ತಿರುಗುತ್ತದೆ. ದಿನವಿಡೀ ಬೂಟು ಧರಿಸಿ ತೋಟ ಸುತ್ತಿದವನು ಅದರ ಮೇಲೆ ಕಾಲು ಚಾಚುತ್ತಿದ್ದ. ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ಲಾಂಟರ್ಸ್ ಚೇರ್’ ಎಂಬ ಹೆಸರೇ ಉಂಟು. ಇದು ಬಿಸಿಲ ನಾಡುಗಳ ವಸಾಹತುಗಳಲ್ಲಿ ರೂಪುಗೊಂಡ ಪೀಠ. ಕಲ್ಪನೆ ಪರದೇಶದ್ದಿರಬಹುದು, ಮರ, ಬೆತ್ತ ಮತ್ತು ಕೈ ಈ ನೆಲದವು.

ಬೆತ್ತದ ಕಥೆ ಇನ್ನೂ ಸ್ವಾರಸ್ಯಕರ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪೂರ್ವದಿಂದ ಬೆತ್ತವನ್ನು ಒಯ್ದಾಗ ಲಂಡನ್ನಿನಲ್ಲಿ ಬೆತ್ತದ ಕುರ್ಚಿ ದೊಡ್ಡ ಗೀಳಾಯಿತು. ಹಗುರ, ಅಗ್ಗ, ದೂಳು ಹಿಡಿಯದು, ನುಸಿ ಬೀಳದು. ಅಲ್ಲಿ ಅದು ಶೋಕಿಯಾದರೆ ಇಲ್ಲಿ ಅಗತ್ಯವಾಗಿತ್ತು. ಬೆವರುವ ಬೆನ್ನಿಗೆ ಗಾಳಿ ಆಡುವ ಪೀಠ ಬೇಕು. ಕೈಹೆಣಿಗೆಯ ಕುರ್ಚಿಯಲ್ಲಿ ಚೌಕಟ್ಟಿನ ಸುತ್ತ ಒಂದೊಂದಾಗಿ ಕೊರೆದ ತೂತುಗಳಿರುತ್ತವೆ. ನೀರಿನಲ್ಲಿ ನೆನೆಸಿದ ಬೆತ್ತದ ಸೀಳುಗಳನ್ನು ನೆಟ್ಟಗೆ ಎರಡು ಸಾಲು, ಅಡ್ಡಡ್ಡ ಎರಡು ಸಾಲು, ಓರೆಯಾಗಿ ಎರಡು ಸಾಲು ಎಳೆದರೆ ಎಂಟು ಮೂಲೆಯ ಕಣ್ಣುಗಳ ಜಾಲರಿ ಮೂಡುತ್ತದೆ. ಒಣಗಿದಂತೆ ಅದು ತಾನೇ ಬಿಗಿಯುತ್ತದೆ. ಯಂತ್ರದಲ್ಲಿ ನೇಯ್ದ ಹಾಳೆಯನ್ನು ಗಾಡಿಯೊಳಗೆ ತುರುಕಿ ಅಂಟಿಸಿದ ಕುರ್ಚಿಗೆ ಆ ತೂತುಗಳಿರುವುದಿಲ್ಲ. ಹಳೆಯದನ್ನು ಕೊಳ್ಳಹೊರಟವರು ಮೊದಲು ಕುರ್ಚಿಯನ್ನು ಮಗುಚಿ ನೋಡಬೇಕು.

ಇನ್ನು ಮರ. ಹೆಚ್ಚಿನವು ತೇಗದವು, ಉತ್ತಮವಾದವು ಬೀಟೆಯವು. ಒಂದು ತುಂಡಿನ ಹಲ್ಲು ಇನ್ನೊಂದರ ಕುಳಿಯಲ್ಲಿ ಕೂರುವ ಜೋಡಣೆ. ಅದನ್ನು ಬಿಗಿಯುವುದು ಕಬ್ಬಿಣದ ಮೊಳೆಯಲ್ಲ, ಮರದ ಗೂಟ. ಸಡಿಲವಾದರೆ ಬಿಚ್ಚಿ ಮತ್ತೆ ಜೋಡಿಸಬಹುದು. ಇಂದು ಅಂಥ ಬೀಟೆ ಸಿಗುವುದೇ ದುರ್ಲಭ. ನಮ್ಮ ರಾಜ್ಯದಲ್ಲಿ ಅದನ್ನು ಸರ್ಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರವೇ ನಿಯಂತ್ರಣಕ್ಕೆ ಒಳಪಟ್ಟಿದೆ. ಹಾಗಾಗಿ ಒಂದು ಹಳೆಯ ಬೀಟೆಯ ಕುರ್ಚಿ ಒಡೆದುಹೋದರೆ ಅದರ ಜಾಗಕ್ಕೆ ಇನ್ನೊಂದನ್ನು ತರುವುದು ಸುಲಭವಲ್ಲ.

ಇಷ್ಟೆಲ್ಲ ಹೇಳುವ ನಾನೇ ಅಂಥ ಕುರ್ಚಿಗಳನ್ನು ಗುಜರಿಗೆ ಕಳುಹಿಸಿದವನು. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಉಪವಿಭಾಗದ ಹೊಣೆ ಹೊತ್ತಿದ್ದೆ. ಮಾರ್ಚ್ ತಿಂಗಳ ಒಂದು ಸಂಜೆ ಮೇಜಿನ ಮೇಲೆ ನಿರುಪಯುಕ್ತ ಸಾಮಗ್ರಿಗಳ ಪಟ್ಟಿ ಬಂತು. ಅದರಲ್ಲಿ ‘ಮರದ ಕುರ್ಚಿ, ಬೆತ್ತ ಹರಿದದ್ದು, 34’ ಎಂಬ ಒಂದು ಸಾಲು. ಪುಸ್ತಕದ ಬೆಲೆ ಸೊನ್ನೆ. ಅರ್ಥಶಾಸ್ತ್ರ ಓದಿದ್ದ ನನಗೆ ಸವಕಳಿಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಆಸ್ತಿಯೊಂದರ ಬೆಲೆ ವರ್ಷದಿಂದ ವರ್ಷಕ್ಕೆ ಕರಗಿ ಕಡೆಗೆ ಸೊನ್ನೆಯಾಗುತ್ತದೆ, ಸೊನ್ನೆಯಾದದ್ದನ್ನು ಹೊರಹಾಕಬೇಕು. ಎದ್ದು ಹೋಗಿ ಉಗ್ರಾಣದ ಬಾಗಿಲು ತೆಗೆಸಿ ನೋಡಲಿಲ್ಲ. ಸಹಿ ಹಾಕಿದೆ. ಗುಜರಿಯವನೊಬ್ಬ ಇಡೀ ರಾಶಿಯನ್ನು ಕೂಗಿಕೊಂಡು ಲಾರಿಯಲ್ಲಿ ಒಯ್ದ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಲೆಕ್ಕಪರಿಶೋಧಕರು ಒಂದು ಆಕ್ಷೇಪವನ್ನೂ ಎತ್ತಲಿಲ್ಲ.

ಇದೇ ಕಥೆ ಬಹುದೊಡ್ಡ ಪ್ರಮಾಣದಲ್ಲಿ ಚಂಡೀಗಢದಲ್ಲಿ ನಡೆಯಿತು. ಆ ಹೊಸ ನಗರವನ್ನು ಕಟ್ಟುವಾಗ ಲೆ ಕಾರ್ಬೂಸಿಯೇ ಅವರ ಸೋದರ ಸಂಬಂಧಿ ಪಿಯೆರ್ ಜಾನರೆ 1951ರಿಂದ 1965ರವರೆಗೆ ಅಲ್ಲಿಯೇ ನೆಲೆಸಿ ದುಡಿದರು. ಯೂಲಿ ಚೌಧರಿ ಮುಂತಾದ ಭಾರತೀಯ ವಾಸ್ತುಶಿಲ್ಪಿಗಳೊಡನೆ ಸೇರಿ ಕಚೇರಿ, ನ್ಯಾಯಾಲಯ, ಗ್ರಂಥಾಲಯಗಳಿಗೆ ತೇಗ ಮತ್ತು ಬೆತ್ತದ ತೋಳುಕುರ್ಚಿಗಳನ್ನು ವಿನ್ಯಾಸಗೊಳಿಸಿದರು. ಸ್ಥಳೀಯ ಬಡಗಿಗಳು ಅವನ್ನು ಸಾವಿರಗಟ್ಟಲೆ ಮಾಡಿಕೊಟ್ಟರು. ಬೆತ್ತ ಹರಿದಾಗ, ಕಾಲು ಅಲುಗಿದಾಗ ಅವು ಮಾಳಿಗೆ, ಹಿತ್ತಿಲು ಸೇರಿದವು. ಬಳಿಕ ಗುಜರಿಯ ಬೆಲೆಗೆ ಹರಾಜಾದವು. ಫ್ರಾನ್ಸಿನ ವ್ಯಾಪಾರಿಗಳು ಅವನ್ನು ಕೊಂಡು, ರಿಪೇರಿ ಮಾಡಿಸಿ, ಐರೋಪ್ಯ ಮತ್ತು ಅಮೆರಿಕದ ಹರಾಜು ಕಟ್ಟೆಗಳಿಗೆ ತಂದಾಗ ಒಂದೊಂದು ಕುರ್ಚಿ ಲಕ್ಷಾಂತರ ರೂಪಾಯಿಗೆ ಹೋಯಿತು. ನಮ್ಮ ಗುಮಾಸ್ತರು ಉಗ್ರಾಣದ ಲೆಕ್ಕಕ್ಕಾಗಿ ಬಣ್ಣದಲ್ಲಿ ಬರೆದಿದ್ದ ಇಲಾಖೆಯ ಹೆಸರು, ಸಂಖ್ಯೆಗಳೇ ಅಲ್ಲಿ ಅಸಲಿತನದ ಪುರಾವೆಯಾದವು!

2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ಹರಾಜಿಗೆ ತಡೆ ಹಾಕಿತು. ಆದರೆ ಅದಾಗಲೇ ಹೊರಹೋದವನ್ನು ಮರಳಿ ಕೇಳಲು ಗಟ್ಟಿ ಆಧಾರವಿಲ್ಲ. ಅವನ್ನು ಯಾರೂ ಕದ್ದಿರಲಿಲ್ಲ, ಸರ್ಕಾರವೇ ಮಾರಿತ್ತು. 1972ರ ಪ್ರಾಚ್ಯವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದಲ್ಲಿ ಪ್ರಾಚ್ಯವಸ್ತು ಎನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು. ಹಸ್ತಪ್ರತಿಗಳಿಗೆ ಮಾತ್ರ ಎಪ್ಪತ್ತೈದು. ಐವತ್ತರ ದಶಕದ ಕುರ್ಚಿ ಈ ರಕ್ಷಣೆಗೆ ಒಳಪಡುವುದಿಲ್ಲ. ಇಲ್ಲೊಂದು ವಿಪರ್ಯಾಸವಿದೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಕುರ್ಚಿ ಕೆಲವೇ ವರ್ಷಗಳಲ್ಲಿ ಬೆಲೆ ಕಳೆದುಕೊಳ್ಳುತ್ತದೆ; ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಬೆಲೆ ಬರಲು ಒಂದು ಶತಮಾನ ಬೇಕು. ಈ ಎರಡರ ನಡುವಿನ ದೀರ್ಘ ಅವಧಿಯಲ್ಲಿ ಅದನ್ನು ಕಾಯುವವರು ಯಾರೂ ಇಲ್ಲ. ಬಹುಪಾಲು ವಸ್ತುಗಳು ನಾಶವಾಗುವುದು ಆ ಅವಧಿಯಲ್ಲಿಯೇ.

ಇದಕ್ಕೆ ಹೊಸ ಪ್ರಾಧಿಕಾರವಾಗಲೀ ದೊಡ್ಡ ಅನುದಾನವಾಗಲೀ ಬೇಕಿಲ್ಲ. ನಿರುಪಯುಕ್ತ ಸಾಮಗ್ರಿಗಳ ನಮೂನೆಗೆ ಮೂರು ಅಂಕಣ ಸೇರಿಸಿದರೆ ಸಾಕು: ಮರ ಯಾವುದು, ಅಂದಾಜು ಯಾವ ಕಾಲದ್ದು, ರಿಪೇರಿಗೆ ಎಷ್ಟು ಖರ್ಚು. ಜೊತೆಗೊಂದು ಛಾಯಾಚಿತ್ರ. ಐವತ್ತು ವರ್ಷ ಮೀರಿದ ಮರದ ಪೀಠೋಪಕರಣವನ್ನು ವಸ್ತುಸಂಗ್ರಹಾಲಯ ಅಥವಾ ಪುರಾತತ್ತ್ವ ಇಲಾಖೆಯ ಒಬ್ಬರು ನೋಡದೆ ಹರಾಜು ಹಾಕಬಾರದು. ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ, ಉಗ್ರಾಣಗಳಿಗೂ ಮಿತಿಯಿದೆ. ಹೊರಹಾಕುವ ಮುನ್ನ ಒಮ್ಮೆ ನೋಡಬೇಕು, ಅಷ್ಟೆ. ಮನೆಗಳಿಗೂ ಇದೇ ಮಾತು. ಅಜ್ಜನ ಕುರ್ಚಿಯನ್ನು ಕೊಟ್ಟು ಸ್ಪಂಜಿನ ಸೋಫಾ ತರುವ ಮೊದಲು ಬೆತ್ತ ಹೆಣೆಸಲು ಏನು ಬೀಳುತ್ತದೆಂದು ವಿಚಾರಿಸಿ.

ಏಕೆಂದರೆ ಕುರ್ಚಿಯೊಡನೆ ಹೋಗುವುದು ಮರ ಮಾತ್ರವಲ್ಲ. ಬೆತ್ತದ ಹೆಣಿಗೆ ಈ ದೇಶದಲ್ಲಿ ಬಹುಕಾಲ ಅಂಧರಿಗೆ ಕಲಿಸಿದ ಕಸುಬು. ಸರ್ಕಾರಿ ಕಚೇರಿಗಳಲ್ಲಿ ಅದಕ್ಕೆಂದೇ ಅವರನ್ನು ನೇಮಿಸಿಕೊಳ್ಳುವ ಪದ್ಧತಿಯಿತ್ತು. ನಮ್ಮ ಕಚೇರಿಗೂ ವರ್ಷಕ್ಕೊಮ್ಮೆ ದೃಷ್ಟಿಯಿಲ್ಲದ ಹಿರಿಯರೊಬ್ಬರು ಬರುತ್ತಿದ್ದರು. ಪಡಸಾಲೆಯಲ್ಲಿ ಕುಳಿತು, ಬೆರಳ ತುದಿಯಲ್ಲೇ ತೂತುಗಳನ್ನೆಣಿಸುತ್ತ, ದಿನಕ್ಕೊಂದು ಕುರ್ಚಿ ಮುಗಿಸುತ್ತಿದ್ದರು. ಹರಾಜಿನ ಮರುವರ್ಷವೂ ಮೊಮ್ಮಗನ ಕೈ ಹಿಡಿದು, ಬೆತ್ತದ ಕಟ್ಟು ಹೆಗಲಿಗೇರಿಸಿ ಬಂದರು. ಕುರ್ಚಿಗಳು ಹೋದವೆಂದು ಜವಾನ ಹೇಳಿದಾಗ ಅವರಿಗೆ ನಂಬಿಕೆ ಬರಲಿಲ್ಲ. ನನ್ನ ಎದುರಿದ್ದ ಹೊಸ ಕುರ್ಚಿಯ ಅಂಚನ್ನು ಸುತ್ತಲೂ ತಡವಿದರು. ಉಕ್ಕಿನ ಕೊಳವೆ, ರೆಕ್ಸಿನ್ ಹೊದಿಕೆ. ‘ಇದರಲ್ಲಿ ತೂತೇ ಇಲ್ಲವಲ್ಲ ಸ್ವಾಮಿ’ ಎಂದರು. ದಾರಿಖರ್ಚಿಗೆಂದು ನಾನು ಕೊಟ್ಟ ಹಣವನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ನನ್ನ ಸವಕಳಿಯ ಲೆಕ್ಕದಲ್ಲಿ ಆ ಬೆರಳುಗಳಿಗೆ ಅಂಕಣವೇ ಇರಲಿಲ್ಲ.