ಯಮಾಟೊ ಯುದ್ಧನೌಕೆಯ ಕಾಗದದ ಮಾದರಿ

ಯಮಾಟೊ ಯುದ್ಧನೌಕೆಯ ಕಾಗದದ ಮಾದರಿಯು ದಪ್ಪ ಕಾಗದದ ಮೇಲೆ ಮುದ್ರಿಸಿದ ಭಾಗಗಳನ್ನು ಕತ್ತರಿಸಿ, ಮಡಚಿ, ಅಂಟಿಸಿ ರಚಿಸುವ ಪ್ರತಿಕೃತಿಯಾಗಿದೆ. ಜಪಾನಿನ ಈ ನೌಕೆಯು 1941ರ ಡಿಸೆಂಬರ್‌ನಲ್ಲಿ ಸೇವೆಗೆ ಸೇರಿ, 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನದಾಳಿಯಲ್ಲಿ ಮುಳುಗಿತು. ಇದರ ಉದ್ದ 263 ಮೀಟರ್. 1:200 ಪ್ರಮಾಣದ ಮಾದರಿಯ ಉದ್ದ 131.5 ಸೆಂ.ಮೀ.

ವಿನ್ಯಾಸ

ಯುದ್ಧಾಂತ್ಯದಲ್ಲಿ ನೌಕೆಯ ಹೆಚ್ಚಿನ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ನಾಶಪಡಿಸಲಾಯಿತು. ಆದುದರಿಂದ ವಿನ್ಯಾಸಕರು ಉಳಿದ ದಾಖಲೆಗಳನ್ನು ಸಮುದ್ರತಳದ ಅವಶೇಷಗಳ ಚಿತ್ರಗಳೊಂದಿಗೆ ಹೋಲಿಸಬೇಕಾಗುತ್ತದೆ. ಯೊಕೊಸುಕದಲ್ಲಿ ಸಂರಕ್ಷಿಸಲಾಗಿರುವ ಮಿಕಾಸ ನೌಕೆಯನ್ನು ಕಣ್ಣಾರೆ ನೋಡಬಹುದು. ಯಮಾಟೊ ವಿಷಯದಲ್ಲಿ ಆ ಅನುಕೂಲವಿಲ್ಲ.

ರಚನೆ

ಮೊದಲು ಉದ್ದನೆಯ ನಡುಪಟ್ಟಿಗೆ ಅಡ್ಡ ಚೌಕಟ್ಟುಗಳನ್ನು ಜೋಡಿಸಲಾಗುತ್ತದೆ. ಒಂದು ಚೌಕಟ್ಟು ಓರೆಯಾದರೂ ಹಡಗಿನ ಒಡಲು ತಿರುಚಿಕೊಳ್ಳುತ್ತದೆ. ಕಾಗದವು ಏಕಕಾಲದಲ್ಲಿ ಎರಡು ದಿಕ್ಕುಗಳಿಗೆ ಸುಲಭವಾಗಿ ಬಾಗದಿರುವುದರಿಂದ, ಒಡಲಿನ ಹೊದಿಕೆಯನ್ನು ಕಿರಿದಾದ ಪಟ್ಟಿಗಳಾಗಿ ವಿಭಜಿಸಿ ಅಂಟಿಸಲಾಗುತ್ತದೆ.