ಬಾಟಲಿ ನೀರಿನ ಸವತೆಬಳ್ಳಿ: ಹೂ ಬಿಡುತ್ತದೆ, ಕಾಯಿ ಯಾಕೆ ಹಿಡಿಯುವುದಿಲ್ಲ?

"ಮಣ್ಣು ಬೇಡ, ಬಿಸಿಲು ಬೇಡ. ಒಂದು ಲೀಟರ್ ಬಾಟಲಿ ನೀರಿಗೆ ಒಂದು ಚಮಚ ಯೂರಿಯಾ ಹಾಕಿ ಪಡಸಾಲೆಯಲ್ಲಿ ಇಟ್ಟರೆ 40 ದಿನಕ್ಕೆ ಬುಟ್ಟಿ ತುಂಬ ಸವತೆಕಾಯಿ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಇಂಥ ವಿಡಿಯೊಗಳನ್ನು ನೀವೂ ನೋಡಿರಬಹುದು. ಮಾಡಿ ನೋಡಿದವರ ದೂರು ಸಾಮಾನ್ಯವಾಗಿ ಒಂದೇ: "ಹೂ ಭಾಳ ಬಿಟ್ಟಾವ್ರಿ, ಕಾಯಿ ಒಂದೂ ಹಿಡೀವಲ್ದು." ಅದಕ್ಕೆ ಗುಂಪಿನಲ್ಲಿ ಸಿಗುವ ಉತ್ತರವೂ ಒಂದೇ, ಯಾವುದೋ 'ಬೂಸ್ಟರ್' ಬಾಟಲಿಯ ಲಿಂಕ್.

ಆ ಬಾಟಲಿಗೆ ದುಡ್ಡು ಹಾಕುವ ಮೊದಲು ಒಂದು ಹೂವನ್ನು ತಿರುಗಿಸಿ ಅದರ ಬೆನ್ನು ನೋಡಿ.

ಹೂವಿನ ಹಿಂದೆ ಬೆರಳುಗುರಿನಷ್ಟು ಪುಟ್ಟ ಸವತೆಕಾಯಿಯ ಆಕಾರ ಕಂಡರೆ ಅದು ಹೆಣ್ಣು ಹೂ. ಬರೀ ತೆಳ್ಳನೆಯ ತೊಟ್ಟು ಇದ್ದರೆ ಗಂಡು ಹೂ. ನಮ್ಮ ಸಾಮಾನ್ಯ ತಳಿಗಳಲ್ಲಿ ಒಂದೇ ಬಳ್ಳಿಯಲ್ಲಿ ಎರಡೂ ಬಿಡುತ್ತವೆ, ಮೊದಲು ಬರುವುದು ಗಂಡು ಹೂ. ಒಂದು ವಾರ, ಹತ್ತು ದಿನ ಬರೀ ಗಂಡು ಹೂ ಬಂದು ಉದುರಿದರೆ ಬಳ್ಳಿಗೆ ಏನೂ ಆಗಿಲ್ಲ ಎಂದೇ ಅರ್ಥ. 'ಕಾಯಿ ಹಿಡೀವಲ್ದು' ಎನ್ನುವ ಅನೇಕರು ಈ ಹಂತದಲ್ಲೇ ಗಾಬರಿಯಾಗಿ ಗೊಬ್ಬರ ಸುರಿಯುತ್ತಾರೆ. ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಯ ಮೇಲೆ ಎಲೆ ಹಾಕುತ್ತದೆ, ಹೂವಿನ ಕಡೆ ತಿರುಗುವುದೇ ಇಲ್ಲ.

ಯಾವ ಹೂ ಎಷ್ಟು ಬರಬೇಕು ಎನ್ನುವುದನ್ನು ಬಳ್ಳಿಯೊಳಗಿನ ಹಾರ್ಮೋನುಗಳು ತೀರ್ಮಾನಿಸುತ್ತವೆ. ಎಥಿಲೀನ್ ಹೆಚ್ಚಿದ್ದರೆ ಹೆಣ್ಣು ಹೂ, ಜಿಬ್ಬರೆಲಿನ್ ಹೆಚ್ಚಿದ್ದರೆ ಗಂಡು ಹೂ. ಎಥಿಲೀನ್ ಎಂದರೆ ಮಾವು, ಬಾಳೆ ಹಣ್ಣಾಗಿಸುವ ಅದೇ ಅನಿಲ. ಹಗಲು ಚಿಕ್ಕದಾಗಿ ಹವೆ ತಂಪಾಗಿದ್ದರೆ ಹೆಣ್ಣು ಹೂವಿನ ಪಾಲು ಏರುತ್ತದೆ. ಹಗಲು ಉದ್ದವಾಗಿ ಸೆಕೆ ಹೆಚ್ಚಿದರೆ ಗಂಡು ಹೂವೇ ಜಾಸ್ತಿ. ಇದನ್ನು ಓದುವಾಗ ನಮಗೆ ನೆನಪಾದದ್ದು ಎಳ್ಳ ಅಮಾವಾಸ್ಯೆ. ಹಿಂಗಾರಿ ಬಿಳಿಜೋಳದ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ಸಾಲಿನ ನಡುವೆ ಹಬ್ಬಿದ ಜವಾರಿ ಬಳ್ಳಿಯಿಂದ ಸವತೆಕಾಯಿ ಕಿತ್ತು ರೊಟ್ಟಿ ಜೊತೆ ಕಡಿಯುತ್ತೇವಲ್ಲ, ಅದು ಡಿಸೆಂಬರ್-ಜನವರಿ. ಹಗಲು ಚಿಕ್ಕದು, ರಾತ್ರಿ ಚಳಿ, ಪಕ್ಕದಲ್ಲಿ ಕುಸುಬಿ ಹೂವಿಗೆ ಬರುವ ಜೇನು. ಯಾರೂ ಬೂಸ್ಟರ್ ಹಾಕಿರುವುದಿಲ್ಲ. ಅದೇ ಬೀಜವನ್ನು ಏಪ್ರಿಲ್‌ನಲ್ಲಿ, 40 ಡಿಗ್ರಿ ದಾಟುವ ಊರಲ್ಲಿ, ಕೋಣೆಯೊಳಗೆ ಇಟ್ಟರೆ ಈ ಮೂರೂ ತಪ್ಪಿಹೋಗುತ್ತವೆ.

ಮೂರರಲ್ಲಿ ದೊಡ್ಡ ನಷ್ಟ ಜೇನಿನದು. ಸವತೆಯ ಹೆಣ್ಣು ಹೂ ಅರಳಿರುವುದು ಒಂದೇ ದಿನ. ಅಷ್ಟರೊಳಗೆ ಪರಾಗ ತಲುಪದಿದ್ದರೆ ಹಿಂದಿನ ಮಿಡಿ ಹಳದಿಯಾಗಿ ಮುದುರಿ ಬೀಳುತ್ತದೆ. ಅರೆಬರೆ ತಲುಪಿದರೆ ಕಾಯಿ ಸೊಟ್ಟಗಾಗುತ್ತದೆ, ಒಂದು ತುದಿ ಉಬ್ಬಿ ಇನ್ನೊಂದು ತುದಿ ಸಣಕಲಾಗಿರುತ್ತದೆ. ಮನೆಯೊಳಗೆ ಜೇನು ಬರುವುದಿಲ್ಲ, ಆದ್ದರಿಂದ ಆ ಕೆಲಸ ನಿಮ್ಮದು. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಅಲ್ಲಿ ಮೂರು ಹೋಳಿನಂತೆ ಕಾಣುವ ಭಾಗವಿದೆ, ಮೂರಕ್ಕೂ ತಾಗಬೇಕು. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು. ಎರಡು ಮೂರು ದಿನದಲ್ಲಿ ಮಿಡಿ ಉಬ್ಬತೊಡಗಿದರೆ ಕಾಯಿ ಕಚ್ಚಿದೆ ಎಂದು ತಿಳಿಯಿರಿ. ಹೊತ್ತು ಏರಿ ಸೆಕೆಯಾದ ಮೇಲೆ ಮಾಡಿದರೆ ಫಲ ಕಡಿಮೆ, ಬಿಸಿಗೆ ಪರಾಗ ಸತ್ತುಹೋಗುತ್ತದೆ.

ಈ ಕೆಲಸವೇ ಬೇಡ ಎನ್ನುವವರಿಗೆ ಬೀಜದಲ್ಲೇ ಉಪಾಯವಿದೆ. ಪಾಲಿಹೌಸ್ ಒಳಗೂ ಜೇನು ಹೋಗುವುದಿಲ್ಲ, ಆದರೂ ರೈತರು ಅಲ್ಲಿ ಸವತೆ ಬೆಳೆಯುತ್ತಾರೆ. ಅವರು ಹಾಕುವುದು ಪರಾಗವಿಲ್ಲದೆಯೇ ಕಾಯಿ ಕಟ್ಟುವ, ಬಹುಪಾಲು ಹೆಣ್ಣು ಹೂವನ್ನೇ ಬಿಡುವ ತಳಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಪಾರ್ಥೆನೋಕಾರ್ಪಿಕ್ ಕುಕುಂಬರ್-6', ಪಂತನಗರ ವಿಶ್ವವಿದ್ಯಾಲಯದ 'ಪಂತ್ ಪಾರ್ಥೆನೋಕಾರ್ಪಿಕ್' ತಳಿಗಳು ಈ ಜಾತಿಯವು. ಅಂಗಡಿಯಲ್ಲಿ 'ಪಾಲಿಹೌಸ್ ಸವತೆ ಬೀಜ' ಎಂದು ಕೇಳಿ. ಬೆಲೆ ಹೆಚ್ಚು, ಎಣಿಸಿ ಮಾರುತ್ತಾರೆ. ಇವಕ್ಕೆ ಪರಾಗ ಸವರಲು ಹೋಗಬೇಡಿ, ಬೀಜ ಕಟ್ಟಿ ಕಾಯಿ ಉಬ್ಬುಬ್ಬಾಗುತ್ತದೆ. ಮುಂದಿನ ಸಲಕ್ಕೆ ಬೀಜ ತೆಗೆದಿಡೋಣ ಎಂದರೆ ಕಾಯಿಯಲ್ಲಿ ಬೀಜವೇ ಇರುವುದಿಲ್ಲ, ಅದೊಂದು ಕೊರತೆ.

ಬಿಸಿಲು ಬೇಡವೇ?

ವಿಡಿಯೊದ 'ಮಣ್ಣು ಬೇಡ' ಎಂಬ ಮಾತು ಸರಿ. ಇದು ಹೊಸದೂ ಅಲ್ಲ, 1946ರ ಹೊತ್ತಿಗೇ ಶೋಲ್ಟೊ ಡಗ್ಲಸ್ ಎಂಬವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಮಣ್ಣಿಲ್ಲದೆ ತರಕಾರಿ ಬೆಳೆಯುವ ಅಗ್ಗದ ವಿಧಾನ ರೂಪಿಸುತ್ತಿದ್ದರು. 'ಬಿಸಿಲು ಬೇಡ' ಎನ್ನುವುದು ಮಾತ್ರ ಸುಳ್ಳು. ಫೋನಿನಲ್ಲಿ ಬೆಳಕು ಅಳೆಯುವ ಉಚಿತ ಲಕ್ಸ್ ಆ್ಯಪ್ ಹಾಕಿಕೊಂಡು ನೀವೇ ನೋಡಿ. ಅಳತೆ ಅಂದಾಜಿನದು, ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. ಮಧ್ಯಾಹ್ನದ ಬಯಲು ಬಿಸಿಲು ಸುಮಾರು 1,00,000 ಲಕ್ಸ್, ಟ್ಯೂಬ್‌ಲೈಟ್ ಹಾಕಿದ ಪಡಸಾಲೆ 200-300. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಬಳ್ಳಿ ಹೊಂದಿಕೊಳ್ಳುವುದಿಲ್ಲ. ಕೊತ್ತಂಬರಿ, ಪಾಲಕ್ ಆಗಿದ್ದರೆ ಕಡಿಮೆ ಬೆಳಕಲ್ಲೂ ಒಂದಿಷ್ಟು ಎಲೆ ಕೊಡುತ್ತಿದ್ದವು. ಕಾಯಿ ಕಟ್ಟಲು ಬೇಕಾದ ಸಕ್ಕರೆ ಎಲೆಯಲ್ಲೇ ತಯಾರಾಗಬೇಕು, ಬೆಳಕಿಲ್ಲದೆ ಅದು ಆಗದು.

ದೀಪ ಹಾಕಿದರೆ? ಆಗುತ್ತದೆ, ಆದರೆ ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗಕ್ಕೆ ಒಳ್ಳೆಯ ಗ್ರೋ ಲೈಟ್ ಸುಮಾರು 150 ವ್ಯಾಟ್, ದಿನಕ್ಕೆ 14 ತಾಸು. ದಿನಕ್ಕೆ 2.1 ಯೂನಿಟ್, ತಿಂಗಳಿಗೆ 63. ಗೃಹಜ್ಯೋತಿಯ ಉಚಿತ ಮಿತಿ ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ, ಹಾಗಾಗಿ ಇದರ ಬಹುಪಾಲು ಬಿಲ್ಲಿಗೆ ಬಂದೇ ಬರುತ್ತದೆ. ಬಳ್ಳಿಯನ್ನು ಕೋಣೆಯಿಂದ ಮಾಳಿಗೆಗೆ ಒಯ್ದರೆ ಬೆಳಕೂ ಪುಕ್ಕಟೆ, ಜೇನೂ ಪುಕ್ಕಟೆ. ಮನೆಯೊಳಗೇ ಬೇಕು ಎಂದರೆ ಆರು ತಾಸಾದರೂ ನೇರ ಬಿಸಿಲು ಬೀಳುವ ಕಿಟಕಿ ಬೇಕು.

ಬಾಟಲಿಯ ವಿಷಯಕ್ಕೆ ಬಂದರೆ, ಕಾಯಿ ಬಿಡುವ ಬಳ್ಳಿಯೊಂದು ಸೆಕೆಯ ದಿನ ಎರಡು ಲೀಟರ್ ನೀರು ಕುಡಿಯಬಲ್ಲದು. ಒಂದು ಲೀಟರ್ ಬಾಟಲಿ ಮಧ್ಯಾಹ್ನದೊಳಗೆ ಖಾಲಿ. ಬಳ್ಳಿಗೊಂದು 20 ಲೀಟರಿನ ಮುಚ್ಚಳವಿರುವ ಬಕೆಟ್ ಇರಲಿ. ಬೆಳಕು ಒಳಗೆ ಹೋಗಬಾರದು, ಹೋದರೆ ಪಾಚಿ ಕಟ್ಟುತ್ತದೆ. ಕರೆಂಟ್ ಕೈಕೊಡುವ ಊರುಗಳಿಗೆ ಹವಾಯಿ ವಿಶ್ವವಿದ್ಯಾಲಯದ ಕ್ರ್ಯಾಟ್ಕಿ ರೂಪಿಸಿದ ಪಂಪ್ ಇಲ್ಲದ ವಿಧಾನ ಹೊಂದುತ್ತದೆ. ನೀರು ಇಳಿದಂತೆ ಬೇರಿನ ಮೇಲ್ಭಾಗ ಗಾಳಿಯಲ್ಲಿ ಉಳಿದು ಉಸಿರಾಡುತ್ತದೆ, ಆದ್ದರಿಂದ ಬಕೆಟ್ಟನ್ನು ಮತ್ತೆ ಕಂಠದವರೆಗೆ ತುಂಬಬಾರದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ 7.5ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬಕೆಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿ, ಮೇಲೆ ನೆರಳುಬಲೆ ಕಟ್ಟಿ. ಇನ್ನೂ ಒಳ್ಳೆಯದು, ಅಕ್ಟೋಬರ್-ನವೆಂಬರಿನಲ್ಲಿ ಬೀಜ ಹಾಕುವುದು.

ಯೂರಿಯಾ ಮಾತ್ರ ಹಾಕಬೇಡಿ. ಹೊಲದಲ್ಲಿ ಅದನ್ನು ನೈಟ್ರೇಟ್ ಆಗಿ ಬದಲಿಸುವುದು ಮಣ್ಣಿನ ಬ್ಯಾಕ್ಟೀರಿಯಾ. ಬಕೆಟ್ಟಿನಲ್ಲಿ ಆ ದಂಡು ಇಲ್ಲ, ಅಮೋನಿಯಾ ಸೇರಿ ಬೇರು ಸುಡುತ್ತದೆ. ಬಾಳೆಸಿಪ್ಪೆ, ಮಜ್ಜಿಗೆ ಹಾಕಿದರೆ ಕೊಳೆತು ನಾರುವುದಷ್ಟೇ ಲಾಭ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಣ್ಣಿಲ್ಲದ ಬೆಳೆಗೆಂದೇ 'ಅರ್ಕಾ ಸಸ್ಯ ಪೋಷಕ್ ರಸ್' ಎಂಬ ದ್ರವ ಗೊಬ್ಬರ ರೂಪಿಸಿದೆ. ಅಂಥದ್ದು ಬಳಸಿ.

ನಮ್ಮ ಭಾಗದಲ್ಲಿ ಹಲವರನ್ನು ಸೋಲಿಸುವುದು ಬೋರಿನ ಸವಳು ನೀರು. ಗೊಬ್ಬರ ಬೆರೆಸಿದ ಮೇಲೆ ನೀರಿನ ಇಸಿ 2ರ ಆಸುಪಾಸು, ಪಿಎಚ್ 5.5ರಿಂದ 6.5 ಇರಬೇಕು. ಬೋರ್ ನೀರೇ 1.5 ಇಸಿ ತೋರಿಸಿದರೆ ಗೊಬ್ಬರಕ್ಕೆ ಜಾಗ ಎಲ್ಲಿದೆ? ಮಳೆನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ನೀರು ಬೆರೆಸಿ. ಪಿಎಚ್ ಇಳಿಸಲು ಇಂಡಿ ನಿಂಬೆ ಹಿಂಡಬಹುದೇ ಎಂಬ ಪ್ರಶ್ನೆ ಸಹಜ. ಇಳಿಯುತ್ತದೆ, ಆದರೆ ಸೂಕ್ಷ್ಮಜೀವಿಗಳು ನಿಂಬೆಯ ಆಮ್ಲವನ್ನು ತಿಂದು ಮುಗಿಸಿದ ಕೂಡಲೇ ಮತ್ತೆ ಏರುತ್ತದೆ. ಒಂದೆರಡು ದಿನದ ಪರಿಹಾರ ಅಷ್ಟೇ. ನೀರಿನ ಪರೀಕ್ಷೆಯ ಬಗ್ಗೆ ಇಂಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಪರಾಗ ತಾಗಿ ಎಂಟರಿಂದ ಹನ್ನೆರಡು ದಿನಕ್ಕೆ ಕಾಯಿ ಕೊಯ್ಲಿಗೆ ಬರುತ್ತದೆ. ಎಳೆಯದಿರುವಾಗಲೇ ಕೊಯ್ಯಿರಿ, ಒಂದು ಕಾಯಿ ಬಲಿಯಲು ಬಿಟ್ಟರೂ ಬಳ್ಳಿ ಮುಂದಿನ ಮಿಡಿಗಳನ್ನು ಉದುರಿಸುತ್ತದೆ. ತಿನ್ನುವ ಮೊದಲು ತೊಟ್ಟಿನ ಕಡೆಯ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಸೆಕೆ, ನೀರಿನ ಕೊರತೆ ಅನುಭವಿಸಿದ ಬಳ್ಳಿಯ ಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಪದಾರ್ಥ ಹೆಚ್ಚಬಹುದು. ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆದರೆ ಅದು ಕಾಯಿಯೊಳಗಿಂದ ಹೋಗುವುದಿಲ್ಲ. ಇದೇ ಪದಾರ್ಥವಿದ್ದ ಕಹಿ ಸೋರೆಕಾಯಿ ರಸ ಕುಡಿದು ಜನ ಆಸ್ಪತ್ರೆ ಸೇರಿದ, ಸತ್ತ ಪ್ರಕರಣಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಪರಿಶೀಲಿಸಿ, ಕಹಿ ಇದ್ದರೆ ಕುಡಿಯಲೇಬೇಡಿ ಎಂದಿದೆ. ಸವತೆಕಾಯಿ ತುಂಬಾ ಕಹಿ ಇದ್ದರೆ ಉಗುಳಿ, ಉಳಿದದ್ದನ್ನು ತಿಪ್ಪೆಗೆ ಹಾಕಿ.