ದ್ವಿಭಾಷಾವ್ಯವಹಾರವೂ ವಾರ್ಧಕ್ಯದ ಬುದ್ಧಿರಕ್ಷಣೆಯೂ

ಚಳ್ಳಕೆರೆ ತಾಲ್ಲೂಕಿನ ಕುದಾಪುರವು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣದಿಂದ ಈಚೆಗೆ ಖ್ಯಾತಿಗೆ ಬಂದ ಗ್ರಾಮ. ಭಾಷಾವಿಚಾರಕರಿಗಾದರೋ ಈ ಸೀಮೆಯು ಬೇರೊಂದು ಕಾರಣದಿಂದ ಗಮನಾರ್ಹವಾದುದು. ಆಂಧ್ರದ ಗಡಿಗೆ ಹೊಂದಿಕೊಂಡಿರುವ ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮನೆಯೊಳಗೆ ತೆಲುಗನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವವರು ಅನೇಕರು. ಅಕ್ಷರವರಿಯದ ವೃದ್ಧರು ಕೂಡ ಎದುರಿನವರನ್ನು ನೋಡಿ ಕ್ಷಣಮಾತ್ರದಲ್ಲಿ ಭಾಷೆಯನ್ನು ಬದಲಿಸುವರು. ಈ ರೂಢಿಗೂ ಮೆದುಳಿನ ಆರೋಗ್ಯಕ್ಕೂ ಸಂಬಂಧವುಂಟೆ ಎಂಬುದೇ ಪ್ರಕೃತ ವಿಚಾರ.

ಸುವರ್ಣ ಅಲ್ಲಾಡಿಯವರೂ ಅವರ ಸಹೋದ್ಯೋಗಿಗಳೂ ಹೈದರಾಬಾದಿನಲ್ಲಿ 648 ಮಂದಿ ಸ್ಮೃತಿಭ್ರಂಶ ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಏಕಭಾಷಿಗಳಿಗಿಂತ ದ್ವಿಭಾಷಿಗಳಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತ್ತು. ನಿರಕ್ಷರರಲ್ಲಿಯೂ ಈ ಅಂತರವು ಕಂಡುಬಂದುದರಿಂದ ಇದನ್ನು ವಿದ್ಯಾಭ್ಯಾಸದ ಫಲವೆಂದಷ್ಟೇ ಹೇಳಲಾಗದು. ಎರಡು ಭಾಷೆಗಳನ್ನು ಬಲ್ಲವನ ಚಿತ್ತದಲ್ಲಿ ಎರಡೂ ಏಕಕಾಲಕ್ಕೆ ಎಚ್ಚೆತ್ತಿರುತ್ತವೆ. ಒಂದನ್ನು ತಡೆದು ಮತ್ತೊಂದನ್ನು ಆರಿಸುವ ನಿತ್ಯದ ಅವಧಾನವೇ ಮೆದುಳಿಗೆ ವ್ಯಾಯಾಮವಾಗುವುದೆಂದು ಸಂಶೋಧಕರ ಊಹೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಆರೋಗ್ಯವಂತರನ್ನು ಅನೇಕ ವರ್ಷ ಅನುಸರಿಸಿದ ಇತರ ಪರಿಶೋಧನೆಗಳಲ್ಲಿ ಈ ಪ್ರಯೋಜನವು ಎಲ್ಲೆಡೆಯೂ ಕಂಡುಬಂದಿಲ್ಲ. ಆದುದರಿಂದ ದ್ವಿಭಾಷಾವ್ಯವಹಾರವು ರೋಗವನ್ನು ತಡೆಯುವ ಮಂತ್ರವಲ್ಲ. ಅನೇಕ ಉಪಾಯಗಳಲ್ಲಿ ಒಂದಾಗಿರಬಹುದು, ಅಷ್ಟೆ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ನಿವಾರಿಸಬಹುದಾದ 14 ಕಾರಣಗಳನ್ನು ಹೇಳಿ, ಅವೆಲ್ಲವೂ ನೀಗಿದರೆ ಜಗತ್ತಿನಲ್ಲಿ ಈ ರೋಗದ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಗಣಿಸಿದೆ. ರಕ್ತದೊತ್ತಡ, ಮಧುಮೇಹ, ಧೂಮಪಾನ, ವ್ಯಾಯಾಮದ ಅಭಾವ, ಏಕಾಂಗಿತನ, ಕಿವಿ ಕಣ್ಣುಗಳ ಮಾಂದ್ಯ ಇವು ಆ ಪಟ್ಟಿಯಲ್ಲಿವೆ. ವಾಗ್ಭಟನೂ ದಿನಚರ್ಯೆಯಲ್ಲಿ ವ್ಯಾಯಾಮವನ್ನು ವಿಧಿಸಿ, ಅಭ್ಯಂಗದಲ್ಲಿ ತಲೆ ಕಿವಿ ಪಾದಗಳಿಗೆ ವಿಶೇಷ ಗಮನವಿರಲೆಂದು ಹೇಳಿರುವನು. ಕಿವಿ ಮಂದವಾದ ವೃದ್ಧನು ಮೊದಲು ಸಂಭಾಷಣೆಯನ್ನೂ ಬಳಿಕ ಸಹವಾಸವನ್ನೂ ಬಿಡುವನು. ಆಗ ಎರಡು ಭಾಷೆಗಳಿದ್ದೂ ಫಲವೇನು? ಶ್ರವಣಪರೀಕ್ಷೆಯೂ ಅಗತ್ಯವಾದಲ್ಲಿ ಶ್ರವಣಯಂತ್ರವೂ ಕನ್ನಡಕದಷ್ಟೇ ಸಹಜವಾಗಬೇಕು.

ಭಾಷೆಯು ಬಳಕೆಯಿಂದಲೇ ಉಳಿಯತಕ್ಕದ್ದು. ಬಳಕೆಗೆ ಕೇಳುವವರು ಬೇಕು. ಶುದ್ಧಭಾಷೆಯ ಅಭಿಮಾನದಿಂದ ಉಪಾಧ್ಯಾಯರಾದ ನಾವು ಮಕ್ಕಳ ಬಾಯಿಂದ ಮನೆಮಾತನ್ನು ಬಿಡಿಸುವುದುಂಟು. ಈ ಲೇಖಕನೂ ಆ ತಪ್ಪಿನಿಂದ ಮುಕ್ತನಲ್ಲ. ಮೊಮ್ಮಗನು ತೆಲುಗನ್ನು ಮರೆತರೆ ಅಜ್ಜಿಯು ಮಾತಿನ ಜೊತೆಯನ್ನೇ ಕಳೆದುಕೊಳ್ಳುವಳು. ಕನ್ನಡವನ್ನು ಚೆನ್ನಾಗಿ ಕಲಿಸೋಣ. ಅದಕ್ಕಾಗಿ ಮನೆಮಾತನ್ನು ಬಿಡಿಸಬೇಕಾದುದಿಲ್ಲ. ಸಂಜೆ ಅಜ್ಜಿಯೊಡನೆ ಅವಳ ಮಾತಿನಲ್ಲಿ ನಾಲ್ಕು ಮಾತಾಡೆಂದು ಹೇಳಿ ಕಳುಹಿಸುವುದೂ ಪಾಠದ ಭಾಗವೇ ಸರಿ.